ಹದಿನೈದು ಸಾವಿರ ಹುಡುಗಿಯರಲ್ಲಿ ಒಬ್ಬಳು

ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ನಿಮ್ಮ ಮಗಳು ಮುಖ್ಯ ಪಾತ್ರ ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ಮಾತು ಎಲ್ಲೂ ತಪ್ಪಲಿಲ್ಲ, ದನಿ ಹಿಂದಿನ ಸಾಲಿನವರೆಗೂ ಕೇಳಿಸಿತು. ಪರದೆ ಬಿದ್ದ ಮೇಲೆ ಹೆಡ್‌ಮಾಸ್ಟರು ಬೆನ್ನು ತಟ್ಟಿದರು, ನೆರೆಮನೆಯವರು “ಇವಳನ್ನು ಸೀರಿಯಲ್ಲಿಗೆ ಕಳುಹಿಸಿ” ಎಂದರು. ಮರುವಾರವೇ ಯಾರೋ ಪರಿಚಯದವರು ‘ಬಾಲ ಕಲಾವಿದರು ಬೇಕಾಗಿದ್ದಾರೆ’ ಎಂಬ ಪ್ರಕಟಣೆಯೊಂದನ್ನು ನಿಮ್ಮ ವಾಟ್ಸಪ್ಪಿಗೆ ಹಾಕಿದರು. ಮಗಳು ಅದನ್ನೇ ಹಿಡಿದುಕೊಂಡು ಕೇಳುತ್ತಿದ್ದಾಳೆ. ಹೌದೆನ್ನಬೇಕೇ, ಬೇಡವೆನ್ನಬೇಕೇ?

ಗಡಿನಾಡಿನ ಹೆತ್ತವರಾದ ನಿಮಗೆ ಇದರ ಜತೆಗೆ ಇನ್ನೊಂದು ಅಳುಕೂ ಇರುತ್ತದೆ. ನಮ್ಮದು ದೊಡ್ಡ ಊರಲ್ಲ, ಮಕ್ಕಳು ಓದುವುದು ಕನ್ನಡ ಮಾಧ್ಯಮದಲ್ಲಿ, ಚಿತ್ರರಂಗದಲ್ಲಿ ಗುರುತಿನವರು ಯಾರೂ ಇಲ್ಲ. ಇಂಥ ಮಕ್ಕಳಿಗೆ ಪರದೆಯ ಮೇಲೆ ಜಾಗ ಎಲ್ಲಿಂದ ಬರಬೇಕು? ಒಂದು ವೇಳೆ ಬಂದರೆ ಓದಿನ ಗತಿ ಏನು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ದೂರದ ಒಬ್ಬ ಹುಡುಗಿಯ ಕಥೆಯನ್ನು ಸಾವಧಾನವಾಗಿ ನೋಡುವುದು ಒಳ್ಳೆಯದು. ಹೆಸರು ಹೇಲಿ ಸ್ಟೈನ್‌ಫೆಲ್ಡ್. ಅಮೆರಿಕದ ನಟಿ. ನಿಮ್ಮ ಮಕ್ಕಳಿಗೆ ಸ್ಪೈಡರ್‌ಮ್ಯಾನ್ ಕಾರ್ಟೂನ್ ಸಿನಿಮಾದ ಗ್ವೆನ್ ಗೊತ್ತಿದ್ದರೆ ಈಕೆಯ ದನಿ ಅವರಿಗೆ ಆಗಲೇ ಪರಿಚಿತ. ಹದಿಮೂರರ ವಯಸ್ಸಿನಲ್ಲಿ ಮೊದಲ ದೊಡ್ಡ ಪಾತ್ರ, ಹದಿನಾಲ್ಕರಲ್ಲಿ ಆಸ್ಕರ್ ನಾಮನಿರ್ದೇಶನ. ಇಷ್ಟೇ ಹೇಳಿದರೆ ಅದೃಷ್ಟದ ಕಥೆಯಂತೆ ಕೇಳುತ್ತದೆ. ಒಳಗೆ ಹೋಗಿ ನೋಡಿದರೆ ಅದರಲ್ಲಿ ಅದೃಷ್ಟಕ್ಕಿಂತ ಬೇರೆ ಸಂಗತಿಗಳೇ ಹೆಚ್ಚು.

ರಾಜಧಾನಿಯಲ್ಲ, ಅದರ ಪಕ್ಕದ ಊರು

ಹೇಲಿ ಹುಟ್ಟಿದ್ದು 1996ರ ಡಿಸೆಂಬರ್ 11ರಂದು, ಲಾಸ್ ಏಂಜಲೀಸ್ ನಗರದ ಟಾರ್ಜಾನಾ ಎಂಬ ಬಡಾವಣೆಯಲ್ಲಿ. ಬೆಳೆದದ್ದು ಅಗೋರಾ ಹಿಲ್ಸ್ ಮತ್ತು ಆಮೇಲೆ ಥೌಸಂಡ್ ಓಕ್ಸ್ ಎಂಬ ಊರುಗಳಲ್ಲಿ. ಥೌಸಂಡ್ ಓಕ್ಸ್ ಎಂದರೆ ಸಾವಿರ ಓಕ್ ಮರಗಳು ಎಂದರ್ಥ. ಓಕ್ ಮರಗಳು ತುಂಬಿದ ಕಣಿವೆಯಲ್ಲಿ ಎದ್ದ ಈ ಊರಿಗೆ ನಗರಸಭೆ ಬಂದದ್ದು 1964ರಲ್ಲಿ. 2020ರ ಜನಗಣತಿಯಂತೆ ಜನಸಂಖ್ಯೆ 1 ಲಕ್ಷ 27 ಸಾವಿರದ ಆಸುಪಾಸು. ಲಾಸ್ ಏಂಜಲೀಸಿನ ನಡುಪೇಟೆಯಿಂದ ಸುಮಾರು 60 ಕಿಲೋಮೀಟರ್. ಹೊಸೂರಿನವರು ಬೆಂಗಳೂರಿಗೆ ಹೋಗಿಬರುವ ದೂರಕ್ಕಿಂತ ತುಸು ಹೆಚ್ಚು, ಕಾಸರಗೋಡಿನಿಂದ ಮಂಗಳೂರಿಗೆ ಇರುವ ದೂರಕ್ಕಿಂತಲೂ ಸ್ವಲ್ಪ ಹೆಚ್ಚು.

ಹಾಲಿವುಡ್ಡಿಗೆ ಈ ಕಡೆಯ ಪರಿಚಯ ಹಳೆಯದು. ಊರ ಬಳಿಯ ಕೆರೆಗೆ ಶೆರ್ವುಡ್ ಎಂದು ಹೆಸರು ಬಿದ್ದದ್ದೇ 1922ರ ‘ರಾಬಿನ್ ಹುಡ್’ ಚಿತ್ರೀಕರಣದ ನೆನಪಿಗೆ. ಆದರೂ ಊರು ಸಿನಿಮಾದವರದ್ದಲ್ಲ, ಸಂಸಾರಸ್ಥರದ್ದು. ಕೆಲಸಕ್ಕೆ ದೊಡ್ಡ ನಗರಕ್ಕೆ ಹೋಗಿ ಸಂಜೆ ಮನೆಗೆ ಮರಳುವ ಜನ. ಹೇಲಿಯ ತಂದೆ ವ್ಯಾಯಾಮ ತರಬೇತುದಾರ, ತಾಯಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವವರು. ಹುಡುಗಿ ಎಲ್ಲರಂತೆ ಊರ ಶಾಲೆಗೇ ಹೋದವಳು.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಗಂಟೆಯಲ್ಲಿ ಆಡಿಷನ್‌ಗೆ ತಲುಪಿಸುವ ಅನುಕೂಲ ಅವರಿಗಿತ್ತು. ಜತ್ತದಿಂದಲೋ ಆದವಾನಿಯಿಂದಲೋ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅವರು ಮಾಡಿದ್ದನ್ನೆಲ್ಲ ನಾವೂ ಮಾಡಬಹುದು ಎಂದು ಹೇಳುವುದು ಸರಿಯಲ್ಲ. ಅವರ ಮನೆಯಲ್ಲಿ ನಡೆದದ್ದರಲ್ಲಿ ಖರ್ಚಿಲ್ಲದೆ ನಾವೂ ಮಾಡಬಹುದಾದ್ದು ಯಾವುದು ಎಂದು ಕೇಳಿಕೊಳ್ಳೋಣ.

ತಾಯಿ ಹಾಕಿದ ಷರತ್ತು

ಎಂಟು ವರ್ಷದವಳಿದ್ದಾಗ ಹೇಲಿ ತನ್ನ ದೊಡ್ಡ ಕಸಿನ್ ಒಬ್ಬಳನ್ನು ಟಿವಿ ಜಾಹೀರಾತಿನಲ್ಲಿ ನೋಡಿದಳು. ನಾನೂ ನಟಿಸಬೇಕು ಎಂದು ಹಟ ಹಿಡಿದಳು. ಅದಕ್ಕೆ ಮೊದಲು ಬೇರೆ ಬೇರೆ ಆಟ, ಹವ್ಯಾಸಗಳಿಗೆ ಕೈಹಾಕಿ ಬಿಟ್ಟಿದ್ದ ಹುಡುಗಿ. ತಾಯಿ ಬೇಡ ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಒಂದು ಷರತ್ತು ಹಾಕಿದರು: ಮೊದಲು ಒಂದು ವರ್ಷ ನಟನೆ ಕಲಿ. ವರ್ಷ ತುಂಬಿದ ಮೇಲೂ ಇದೇ ಆಸೆ ಇದ್ದರೆ ಮುಂದಿನದನ್ನು ನೋಡೋಣ.

ಈ ಷರತ್ತಿನ ಬೆಲೆ ಗಮನಿಸಿ. ಮಗುವಿನ ಆಸೆಗೆ ಅವಮಾನವಾಗಲಿಲ್ಲ. ಮನೆಯವರು ಸಾಲ ಮಾಡಿ ಫೋಟೋ ಆಲ್ಬಂ ಮಾಡಿಸುವ ಗೊಡವೆಗೂ ಹೋಗಲಿಲ್ಲ. ಆಸೆ ಎಷ್ಟು ಗಟ್ಟಿ ಎಂಬುದನ್ನು ಕಾಲವೇ ತೋರಿಸಿತು. ವರ್ಷ ಕಳೆದ ಮೇಲೂ ಹುಡುಗಿಯ ಮನಸ್ಸು ಬದಲಾಗಿರಲಿಲ್ಲ. ಆಮೇಲೆ ಜಾಹೀರಾತುಗಳು, ಟಿವಿ ಧಾರಾವಾಹಿಗಳಲ್ಲಿ ಚಿಕ್ಕ ಪಾತ್ರಗಳು, ಕೆಲವು ಕಿರುಚಿತ್ರಗಳು. 2007ರಲ್ಲಿ ಟಿವಿಯಲ್ಲಿ ಮೊದಲ ಬಾರಿ ಕಾಣಿಸಿಕೊಂಡಳು. ದೊಡ್ಡ ಅವಕಾಶ ಬಂದದ್ದು 2010ರಲ್ಲಿ. ಎಂದರೆ ಆಸೆ ಹುಟ್ಟಿದ್ದಕ್ಕೂ ಅವಕಾಶ ಸಿಕ್ಕಿದ್ದಕ್ಕೂ ನಡುವೆ ಐದು ವರ್ಷಗಳ ಅಂತರ.

ನಮ್ಮಲ್ಲಿ ಒಂದು ವರ್ಷ ನಟನೆ ಕಲಿಸಲು ದುಡ್ಡು ಕೊಟ್ಟು ಸೇರಿಸುವ ತರಗತಿಯೇ ಬೇಕೆಂದಿಲ್ಲ. ಕುಂಬಳೆಯ ಪಾರ್ತಿಸುಬ್ಬನ ನಾಡು ಕಾಸರಗೋಡು. ಅಲ್ಲಿ ಯಕ್ಷಗಾನ ಕಲಿಸುವವರಿಗೆ ಬರವಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ದೊಡ್ಡಾಟ, ಪಾರಿಜಾತ ಬಲ್ಲ ಹಿರಿಯರಿದ್ದಾರೆ. ರಾಯದುರ್ಗ, ಮಡಕಶಿರದ ಕಡೆ ಬಯಲಾಟ ಇನ್ನೂ ಮಾತಿನಲ್ಲಿದೆ. ಶಾಲೆಯ ನಾಟಕ ತಂಡವೂ ಇದೆ. ಒಂದು ವರ್ಷ ತಪ್ಪದೆ ತಾಲೀಮಿಗೆ ಹೋಗುವ ಮಗುವಿಗೆ ನಿಜವಾದ ಆಸಕ್ತಿ ಇದೆ ಎಂದು ತಿಳಿಯಬಹುದು. ಮೂರನೇ ವಾರಕ್ಕೇ ಬಿಟ್ಟರೆ ಅದೂ ಉತ್ತರವೇ. ಆಗಲೂ ನಿಮ್ಮ ಕೈಯಿಂದ ಏನೂ ಹೋಗಿರುವುದಿಲ್ಲ.

ಜರಡಿ ಹಿಡಿದದ್ದು ಭಾಷೆ

ಆ ದೊಡ್ಡ ಅವಕಾಶ ‘ಟ್ರೂ ಗ್ರಿಟ್’ ಎಂಬ ಚಿತ್ರ. ಚಾರ್ಲ್ಸ್ ಪೋರ್ಟಿಸ್ ಎಂಬ ಅಮೆರಿಕನ್ ಲೇಖಕರು 1968ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಹತ್ತೊಂಬತ್ತನೇ ಶತಮಾನದ ಅರ್ಕಾನ್ಸಾಸ್ ಪ್ರಾಂತ. ಹದಿನಾಲ್ಕು ವರ್ಷದ ಮ್ಯಾಟಿ ರಾಸ್ ಎಂಬ ಹುಡುಗಿಯ ತಂದೆಯನ್ನು ಕೂಲಿಯಾಳೊಬ್ಬ ಕೊಂದು ಓಡಿಹೋಗುತ್ತಾನೆ. ಹುಡುಗಿ ಒಬ್ಬಳೇ ಪಟ್ಟಣಕ್ಕೆ ಬಂದು, ತಂದೆಯ ಶವವನ್ನು ಊರಿಗೆ ಕಳುಹಿಸುವ ವ್ಯವಸ್ಥೆ ಮಾಡಿ, ಕುಡುಕನಾದರೂ ಗಟ್ಟಿಗನಾದ ಮುದಿ ಮಾರ್ಷಲ್ ಒಬ್ಬನನ್ನು ಸಂಬಳಕ್ಕೆ ಗೊತ್ತುಮಾಡಿಕೊಂಡು ಕೊಲೆಗಾರನ ಬೆನ್ನು ಹತ್ತುತ್ತಾಳೆ. 1969ರಲ್ಲೇ ಇದು ಒಮ್ಮೆ ಜಾನ್ ವೇಯ್ನ್ ನಾಯಕತ್ವದಲ್ಲಿ ಚಿತ್ರವಾಗಿತ್ತು. ಆಗ ಹದಿನಾಲ್ಕರ ಹುಡುಗಿಯ ಪಾತ್ರ ಮಾಡಿದ ಕಿಮ್ ಡಾರ್ಬಿಗೆ ಇಪ್ಪತ್ತೊಂದು ವರ್ಷ.

ಕೋಯೆನ್ ಸಹೋದರರು ಮತ್ತೆ ಅದನ್ನು ಚಿತ್ರ ಮಾಡಲು ಹೊರಟಾಗ ಪಾತ್ರದ ವಯಸ್ಸಿಗೆ ಹತ್ತಿರದ ಹುಡುಗಿಯೇ ಬೇಕೆಂದು ದೇಶದ ಉದ್ದಗಲಕ್ಕೂ ಹುಡುಕಿಸಿದರು. ಸುಮಾರು 15,000 ಹುಡುಗಿಯರು ಪಾತ್ರಕ್ಕಾಗಿ ಮುಂದೆ ಬಂದರು. ಚಿತ್ರೀಕರಣಕ್ಕೆ ಕೆಲವೇ ವಾರಗಳಿರುವಾಗ ಆಯ್ಕೆಯಾದವಳು ಥೌಸಂಡ್ ಓಕ್ಸ್‌ನ ಈ ಹದಿಮೂರರ ಹುಡುಗಿ.

ಅಷ್ಟು ಜನ ಎಲ್ಲಿ ಸೋತರು? ಕುದುರೆ ಸವಾರಿಯಲ್ಲಿ ಅಲ್ಲ, ಅಂದಚಂದದಲ್ಲಿ ಅಲ್ಲ. ಹೆಚ್ಚಿನವರು ಹಿಂದೆ ಬಿದ್ದದ್ದು ಸಂಭಾಷಣೆಯ ಭಾಷೆಯಲ್ಲಿ ಎಂದು ನಿರ್ದೇಶಕರೇ ಹೇಳಿದ್ದಾರೆ. ಕಾದಂಬರಿಯ ಭಾಷೆ ಹಳೆಯ ಕಾಲದ್ದು. ಇಂದಿನ ಮಾತಿನಂತೆ ಪದಗಳನ್ನು ನುಂಗಿ ಹೇಳುವಂತಿಲ್ಲ. ನಮ್ಮಲ್ಲಿ ‘ಹೋಗ್ತೀನಿ, ಬರ್ತೀನಿ’ ಎಂದು ಹೇಳಿ ರೂಢಿಯಾದ ಮಗುವಿಗೆ ‘ಹೋಗುತ್ತೇನೆ, ಬರುತ್ತೇನೆ’ ಎಂದು ತುಂಬು ವಾಕ್ಯದಲ್ಲಿ, ಅದೂ ಕೃತಕವಾಗದ ಹಾಗೆ ಮಾತಾಡು ಎಂದಂತೆ. ವಾಕ್ಯಗಳು ಉದ್ದ, ನಡುನಡುವೆ ಕೋರ್ಟು ಕಚೇರಿಯ ಶಬ್ದಗಳು, ಬೈಬಲ್ಲಿನ ಧಾಟಿ. ಕಂಠಪಾಠ ಮಾಡಿ ಒಪ್ಪಿಸಿದರೆ ಕೇಳುವವರಿಗೆ ಕೂಡಲೇ ಗೊತ್ತಾಗುತ್ತದೆ. ಅರ್ಥ ತಿಳಿದು ಹೇಳಿದರೆ ಮಾತ್ರ ಆ ಮಾತು ಆ ಹುಡುಗಿಯದ್ದೇ ಆಗುತ್ತದೆ.

ಚಿತ್ರದ ಆರಂಭದಲ್ಲಿ ಮ್ಯಾಟಿ ಕುದುರೆ ವ್ಯಾಪಾರಿಯೊಬ್ಬನ ಎದುರು ನಿಂತು, ತನ್ನ ತಂದೆ ಕೊಂಡಿದ್ದ ಮರಿಗುದುರೆಗಳನ್ನು ವಾಪಸು ತೆಗೆದುಕೊಂಡು ದುಡ್ಡು ಕೊಡು ಎಂದು ವಾದಿಸುವ ದೃಶ್ಯವಿದೆ. ಜಗಳವಿಲ್ಲ, ಕೂಗಾಟವಿಲ್ಲ. ಒಂದೊಂದೇ ಮಾತಿನಿಂದ ಆ ಹಿರಿಯ ವ್ಯಾಪಾರಿಯನ್ನು ಹುಡುಗಿ ಮೂಲೆಗೆ ತಳ್ಳುತ್ತಾಳೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ದೃಶ್ಯದ ರುಚಿ ಬೇಗ ಹತ್ತುತ್ತದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಮಾತಿನಿಂದ ಎದುರಾಳಿಯನ್ನು ಕಟ್ಟಿಹಾಕುವ ಅರ್ಥಧಾರಿಯ ಕೆಲಸವೇ ಅಲ್ಲಿ ನಡೆಯುವುದು.

ಹೀಗಾಗಿ ಈ ಕಥೆಯಲ್ಲಿ ನಿಮಗೆ ಬಹಳ ಹತ್ತಿರದ ಒಂದು ಪಾಠವಿದೆ. ಅವಳನ್ನು ಮುಂದೆ ತಂದದ್ದು ತನ್ನ ಭಾಷೆಯ ಮೇಲಿನ ಹಿಡಿತ. ಉದ್ದ ವಾಕ್ಯವನ್ನು ಉಸಿರು ಕೆಡದೆ, ಅರ್ಥ ಕೆಡದೆ ಓದಬಲ್ಲ ಶಕ್ತಿ. ಆ ಶಕ್ತಿ ಬರುವುದು ಮಗು ಚೆನ್ನಾಗಿ ಬಲ್ಲ ಭಾಷೆಯಲ್ಲಿ ಗಟ್ಟಿಯಾಗಿ ಓದಿ, ಕೇಳಿ, ಮಾತಾಡಿ. ಕನ್ನಡ ಮಾಧ್ಯಮದ ತರಗತಿಯಲ್ಲಿ ಪಾಠವನ್ನು ನಿಂತು ಓದುವ, ಪದ್ಯವನ್ನು ರಾಗವಾಗಿ ಹೇಳುವ, ಭಾಷಣ ಸ್ಪರ್ಧೆಗೆ ತಯಾರಾಗುವ ಮಗು ಆ ದಾರಿಯಲ್ಲೇ ಇದೆ. ಅದನ್ನು ಕೊರತೆ ಎಂದು ಮನೆಯಲ್ಲಿ ಯಾರೂ ಹೇಳದಿರಲಿ.

ಕೆಲಸದ ಜಾಗದಲ್ಲಿ ಮಗು ಮಗುವಾಗಿಯೇ

2010ರ ವಸಂತದಲ್ಲಿ ನ್ಯೂ ಮೆಕ್ಸಿಕೊ ಮತ್ತು ಟೆಕ್ಸಾಸಿನಲ್ಲಿ ಚಿತ್ರೀಕರಣ ನಡೆಯಿತು. ಜತೆಯಲ್ಲಿದ್ದವರು ಜೆಫ್ ಬ್ರಿಜಸ್, ಮ್ಯಾಟ್ ಡೇಮನ್, ಜಾಶ್ ಬ್ರೋಲಿನ್‌ರಂಥ ದೊಡ್ಡ ನಟರು. ಸೆಟ್ಟಿನಲ್ಲಿ ಹೇಲಿ ಒಂದು ಡಬ್ಬ ಇಟ್ಟಿದ್ದಳು. ಯಾರ ಬಾಯಲ್ಲಾದರೂ ಹೊಲಸು ಮಾತು ಬಂದರೆ ಆ ಡಬ್ಬಕ್ಕೆ ದಂಡ ಹಾಕಬೇಕು. ಹಿರಿಯ ನಟರೂ ದಂಡ ಕಟ್ಟಿದರು. ಕೇಳಲು ತಮಾಷೆಯಾಗಿದೆ. ಆದರೆ ದೊಡ್ಡವರ ನಡುವೆ ಕೆಲಸ ಮಾಡುವ ಮಗುವಿಗೆ ‘ನನ್ನ ಮುಂದೆ ಹೀಗೆ ಮಾತಾಡಬೇಡಿ’ ಎಂದು ಹೇಳುವ ಧೈರ್ಯ ಇತ್ತು, ಅದನ್ನು ದೊಡ್ಡವರು ಒಪ್ಪಿದರು ಎಂಬುದು ಸಣ್ಣ ವಿಷಯವಲ್ಲ.

ಚಿತ್ರ 2010ರ ಡಿಸೆಂಬರ್ 22ರಂದು ತೆರೆಗೆ ಬಂತು. ಹತ್ತು ಆಸ್ಕರ್ ನಾಮನಿರ್ದೇಶನಗಳು ಬಂದವು, ಒಂದೂ ಗೆಲ್ಲಲಿಲ್ಲ. ಹೇಲಿಯನ್ನು ಪೋಷಕ ನಟಿಯ ವಿಭಾಗಕ್ಕೆ ಸೇರಿಸಿದ್ದರು, ಚಿತ್ರದ ಬಹುಪಾಲು ದೃಶ್ಯಗಳಲ್ಲಿ ಇರುವವಳು ಅವಳೇ ಆಗಿದ್ದರೂ. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗೆ ಮಾತ್ರ ಮುಖ್ಯ ನಟಿಯಾಗಿಯೇ ಹೆಸರು ಬಂತು.

ಹೆಸರು ಬಂದರೆ ಅಪಾಯವೂ ಹಿಂದೆಯೇ ಬರುತ್ತದೆ. 2011ರಲ್ಲಿ ಹೆಸರಾಂತ ಫ್ಯಾಷನ್ ಸಂಸ್ಥೆಯೊಂದರ ಜಾಹೀರಾತಿನಲ್ಲಿ ಹದಿನಾಲ್ಕರ ಹೇಲಿಯನ್ನು ರೈಲು ಹಳಿಯ ಮೇಲೆ ಕುಳಿತಂತೆ ತೋರಿಸಿದ್ದರು. ಮಗುವನ್ನು ಅಪಾಯದ ಜಾಗದಲ್ಲಿ ತೋರಿಸುವುದು ಹೊಣೆಗೇಡಿತನ ಎಂದು ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರ ಆ ಚಿತ್ರವನ್ನು ತಡೆಯಿತು. ಕ್ಯಾಮರಾದ ಹಿಂದಿರುವವರಿಗೆ ಚಿತ್ರ ಚೆನ್ನಾಗಿ ಬರುವುದು ಮುಖ್ಯವಾಗಬಹುದು. ಹಳಿಯ ಮೇಲೆ ಕೂರುವುದು ಬೇಡ ಎನ್ನುವವರು ಮಗುವಿನ ಕಡೆಯವರೇ ಆಗಿರಬೇಕು. ಮನೆಯಲ್ಲೇ ರೀಲ್ಸ್ ಮಾಡುವ ಮಕ್ಕಳ ವಿಷಯದಲ್ಲೂ ಇದೇ ಮಾತು.

ಶಾಲೆ ಎಲ್ಲಿ ಹೋಯಿತು?

ನೀವು ಕೇಳಲೇಬೇಕಾದ ಪ್ರಶ್ನೆ ಇದು. ಹೇಲಿ 2008ರಿಂದ ಮನೆಯಲ್ಲೇ ಓದಿದಳು. ಅಮೆರಿಕದಲ್ಲಿ ಮನೆಶಿಕ್ಷಣಕ್ಕೆ ಕಾನೂನಿನ ಮಾನ್ಯತೆ ಇದೆ. ಆದರೆ ಓದು ನಿಲ್ಲಲಿಲ್ಲ. 2015ರ ಜೂನ್‌ನಲ್ಲಿ ಹೈಸ್ಕೂಲ್ ಮುಗಿಸಿದಳು. ಆಸ್ಕರ್ ನಾಮನಿರ್ದೇಶನ ಬಂದು ನಾಲ್ಕು ವರ್ಷ ಕಳೆದಿತ್ತು, ಹಲವು ಸಿನಿಮಾಗಳಾಗಿದ್ದವು, ಆದರೂ ಹೈಸ್ಕೂಲ್ ಮುಗಿಸುವುದನ್ನು ಬಿಡಲಿಲ್ಲ.

ಕ್ಯಾಲಿಫೋರ್ನಿಯಾದ ಕಾನೂನೂ ಓದನ್ನು ಬಿಡಲು ಬಿಡುವುದಿಲ್ಲ. ಮನರಂಜನೆಯ ಕೆಲಸಕ್ಕೆ ಮಗುವಿಗೆ ಪರವಾನಗಿ ಬೇಕು. ಪರವಾನಗಿಗೆ ಶಾಲೆಯ ಹಾಜರಿ, ಅಂಕ ತೃಪ್ತಿಕರ ಎಂಬ ದಾಖಲೆ ಬೇಕು. ಶಾಲೆಯ ದಿನಗಳಲ್ಲಿ 9ರಿಂದ 15 ವರ್ಷದ ಮಗು ಸೆಟ್ಟಿನಲ್ಲಿ ಇರಬಹುದಾದ ಒಂಬತ್ತು ಗಂಟೆಗಳಲ್ಲಿ ಕೆಲಸಕ್ಕೆ ಐದು ಗಂಟೆ, ಪಾಠಕ್ಕೆ ಮೂರು ಗಂಟೆ, ಉಳಿದದ್ದು ವಿಶ್ರಾಂತಿಗೆ. ಪಾಠ ಹೇಳಲು ಸೆಟ್ಟಿನಲ್ಲೇ ಶಿಕ್ಷಕರಿರಬೇಕು. ಮಗುವಿನ ಆರೋಗ್ಯ, ಸುರಕ್ಷೆ ನೋಡಿಕೊಳ್ಳುವ ಹೊಣೆಯೂ ಆ ಶಿಕ್ಷಕರದ್ದೇ.

ಇಷ್ಟು ಬಿಗಿ ಕಾನೂನು ಹುಟ್ಟಿದ್ದು ಒಬ್ಬ ಹುಡುಗನ ಕಣ್ಣೀರಿನಿಂದ. 1921ರಲ್ಲಿ ಚಾಪ್ಲಿನ್ನರ ‘ದಿ ಕಿಡ್’ ಚಿತ್ರದಲ್ಲಿ ನಟಿಸಿ ಲೋಕಪ್ರಸಿದ್ಧನಾದ ಜ್ಯಾಕಿ ಕೂಗನ್ ಬಾಲ್ಯದಲ್ಲೇ ಲಕ್ಷಾಂತರ ಡಾಲರ್ ದುಡಿದ. ದೊಡ್ಡವನಾಗಿ ಕೇಳಿದಾಗ ದುಡ್ಡು ಖರ್ಚಾಗಿಹೋಗಿತ್ತು. ಹೆತ್ತ ತಾಯಿ ಮತ್ತು ಮಲತಂದೆಯ ಮೇಲೆ 1938ರಲ್ಲಿ ದಾವೆ ಹೂಡಬೇಕಾಯಿತು. ಕೈಗೆ ಸಿಕ್ಕಿದ್ದು ದುಡಿದುದರ ಸಣ್ಣದೊಂದು ಪಾಲು. ಆ ಪ್ರಕರಣದ ಬಳಿಕ 1939ರಲ್ಲಿ ಬಂದ ಕಾನೂನಿಗೆ ಇವತ್ತಿಗೂ ಕೂಗನ್ ಕಾನೂನು ಎಂದೇ ಹೆಸರು. ಈಗ ಅದರಂತೆ ಮಗುವಿನ ಗಳಿಕೆಯ ಶೇ. 15ರಷ್ಟನ್ನು ಮಗುವಿನ ಹೆಸರಿನಲ್ಲೇ ತೆಗೆದಿಡಬೇಕು. ದುಡಿದ ಹಣ ಮಗುವಿನದ್ದು, ಹೆತ್ತವರದ್ದಲ್ಲ.

ನಮ್ಮ ದೇಶದ ನಿಯಮ ನಿಮ್ಮ ಕೈಯಲ್ಲಿರಲಿ

ನಮ್ಮಲ್ಲೂ ಇಂಥ ನಿಯಮಗಳಿವೆ. ತಿಳಿದವರು ಕಡಿಮೆ. ಬಾಲಕಾರ್ಮಿಕ ತಡೆ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು, ಅದಕ್ಕೆ ತಕ್ಕ ನಿಯಮಗಳು 2017ರಲ್ಲಿ ಬಂದವು. ಹದಿನಾಲ್ಕು ವರ್ಷದೊಳಗಿನ ಮಗು ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದನಾಗಿ ದುಡಿಯಬಹುದು. ಆದರೆ ಕೆಳಗಿನ ಕಟ್ಟುಪಾಡುಗಳಿವೆ.

ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ವಿಶ್ರಾಂತಿ ಕೊಡದೆ ಒಂದೇ ಸಮನೆ ಮೂರು ಗಂಟೆ ದಾಟುವಂತಿಲ್ಲ.

ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯ ಅನುಮತಿಯನ್ನು ನಿರ್ಮಾಪಕರು ಮೊದಲೇ ಪಡೆಯಬೇಕು. ಹೆತ್ತವರ ಒಪ್ಪಿಗೆಯೂ ಬರವಣಿಗೆಯಲ್ಲಿರಬೇಕು.

ಶಾಲೆಯ ಪಾಠ ತಪ್ಪದಂತೆ ವ್ಯವಸ್ಥೆ ಮಾಡಬೇಕು. ಸತತ 27 ದಿನಗಳಿಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ.

ಐದು ಮಕ್ಕಳಿಗೆ ಒಬ್ಬರಂತೆ ನೋಡಿಕೊಳ್ಳುವ ಹೊಣೆಗಾರರಿರಬೇಕು.

ಗಳಿಕೆಯ ಶೇ. 20ರಷ್ಟಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಗೆ ನೇರವಾಗಿ ಹೋಗಬೇಕು. ಪ್ರಾಯಕ್ಕೆ ಬಂದ ಮೇಲೆ ಅದು ಮಗುವಿನ ಕೈ ಸೇರಬೇಕು.

ಮಗುವಿಗೆ ಇಷ್ಟವಿಲ್ಲದಿದ್ದರೆ ಬಲವಂತ ಮಾಡುವಂತಿಲ್ಲ.

ನೀವು ಮಂಜೇಶ್ವರದವರಾಗಿದ್ದು ಚಿತ್ರೀಕರಣ ಬೆಂಗಳೂರಿನಲ್ಲಾದರೆ ಅನುಮತಿ ಬೆಂಗಳೂರಿನಲ್ಲಿ ಬೇಕು. ಸೊಲ್ಲಾಪುರದ ಮಗು ಪುಣೆಯಲ್ಲಿ ನಟಿಸಿದರೆ ಪುಣೆಯಲ್ಲಿ. ಇದು ಕೇಂದ್ರದ ಕಾಯ್ದೆ. ಗಡಿಯ ಎರಡೂ ಬದಿಗೆ ಒಂದೇ. ಯಾರಾದರೂ ಅವಕಾಶ ಕೊಡುತ್ತೇವೆ ಎಂದು ಬಂದರೆ ಮೊದಲು ಕೇಳಬೇಕಾದ್ದು ಈ ಅನುಮತಿ ಪತ್ರವನ್ನು. ಕೆಲಸ ಕೊಡುವವರು ಮಗುವಿಗೆ ದುಡ್ಡು ಕೊಡಬೇಕು. ನೋಂದಣಿಗೆ, ತರಬೇತಿಗೆ, ಫೋಟೋಗೆ ಎಂದು ನಿಮ್ಮಿಂದಲೇ ದುಡ್ಡು ಕೇಳುವವರ ಹತ್ತಿರ ಮಾತು ಬೆಳೆಸಬೇಡಿ.

ಬಾಲನಟಿ ಬೆಳೆದಾಗ

ಬಾಲ್ಯದಲ್ಲಿ ಮೆರೆದು ಹದಿನೆಂಟಕ್ಕೆ ಮರೆಯಾದವರು ಎಲ್ಲ ಚಿತ್ರರಂಗಗಳಲ್ಲೂ ಇದ್ದಾರೆ. ಹೇಲಿಯ ದಾರಿಯೂ ಹೂವಿನದ್ದಾಗಿರಲಿಲ್ಲ. ‘ಟ್ರೂ ಗ್ರಿಟ್’ ಆದ ಮೇಲೆ ಮುಂದಿನ ದೊಡ್ಡ ಚಿತ್ರಗಳು ತೆರೆಗೆ ಬಂದದ್ದು 2013ರಲ್ಲಿ. ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಜೂಲಿಯೆಟ್ ಆದಳು, ವಿಮರ್ಶಕರು ಚಿತ್ರವನ್ನು ಮೆಚ್ಚಲಿಲ್ಲ. ‘ಎಂಡರ್ಸ್ ಗೇಮ್’ನಲ್ಲಿ ಬಾಹ್ಯಾಕಾಶದ ಸೈನಿಕ ಶಾಲೆಯ ವಿದ್ಯಾರ್ಥಿನಿ. 2015ರಲ್ಲಿ ‘ಪಿಚ್ ಪರ್ಫೆಕ್ಟ್ 2’ ಎಂಬ ಹಾಡುಗಾರರ ಚಿತ್ರದಲ್ಲಿ ನಟಿಸಿ, ಅದೇ ವರ್ಷ ತನ್ನದೇ ಹಾಡುಗಳನ್ನೂ ಹೊರತಂದಳು.

ದೊಡ್ಡವಳಾಗಿ ಮತ್ತೆ ಎಲ್ಲರೂ ತಿರುಗಿ ನೋಡಿದ್ದು 2016ರ ‘ದಿ ಎಡ್ಜ್ ಆಫ್ ಸೆವೆಂಟೀನ್’ ಚಿತ್ರದಲ್ಲಿ. ತಂದೆಯನ್ನು ಕಳೆದುಕೊಂಡ, ಇದ್ದೊಬ್ಬ ಗೆಳತಿಯೂ ಅಣ್ಣನ ಜತೆ ಸೇರಿಕೊಂಡಳೆಂದು ಮುನಿಸಿಕೊಂಡ, ತನಗೆ ಯಾರೂ ಇಲ್ಲ ಎಂದುಕೊಂಡ ಹೈಸ್ಕೂಲ್ ಹುಡುಗಿಯ ಪಾತ್ರ. ಅವಳ ಗೋಳನ್ನು ಸಿಡುಕುತ್ತಲೇ ಕೇಳಿಸಿಕೊಳ್ಳುವ ಮೇಷ್ಟ್ರೊಬ್ಬರು ಚಿತ್ರದಲ್ಲಿದ್ದಾರೆ. ಹದಿಹರೆಯದ ಮಕ್ಕಳ ಹೆತ್ತವರಿಗೆ ಈ ಹುಡುಗಿಯ ಸಿಟ್ಟು, ಮೌನ ಎರಡೂ ಗುರುತು ಹತ್ತುತ್ತವೆ. ಈ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಬಂತು.

2018ರಲ್ಲಿ ‘ಬಂಬಲ್‌ಬೀ’. 2019ರಿಂದ 2021ರವರೆಗೆ ‘ಡಿಕಿನ್‌ಸನ್’ ಎಂಬ ಸರಣಿಯಲ್ಲಿ ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್‌ಸನ್ ಆದಳು. 1830ರಲ್ಲಿ ಆಮ್‌ಹರ್ಸ್ಟ್ ಎಂಬ ಊರಿನಲ್ಲಿ ಹುಟ್ಟಿ, ಹೆಚ್ಚುಕಡಿಮೆ ಆ ಊರಲ್ಲೇ ಬಾಳಿ, 1886ರಲ್ಲಿ ತೀರಿಕೊಂಡ ಕವಯಿತ್ರಿ. ಬರೆದದ್ದು ಸುಮಾರು 1,800 ಕವಿತೆಗಳು; ಬದುಕಿದ್ದಾಗ ಅಚ್ಚಾದದ್ದು ಬೆರಳೆಣಿಕೆಯಷ್ಟು. ಸರಣಿಯ ಹಲವು ಸನ್ನಿವೇಶಗಳಲ್ಲಿ ಹೇಲಿ ಆ ಕವಿತೆಗಳನ್ನು ಹೇಳಬೇಕು. ಹದಿಮೂರರಲ್ಲಿ ಹಳೆಯ ಗದ್ಯವನ್ನು ಬಾಯಿಗೆ ಪಳಗಿಸಿಕೊಂಡಿದ್ದವಳು ಇಪ್ಪತ್ತು ದಾಟಿದ ಮೇಲೆ ಹಳೆಯ ಪದ್ಯಕ್ಕೆ ಬಂದಳು. ಆ ಸರಣಿಯ ಕಾರ್ಯನಿರ್ವಾಹಕ ನಿರ್ಮಾಪಕರಲ್ಲಿ ಒಬ್ಬಳೂ ಆದಳು. 2021ರಲ್ಲಿ ‘ಹಾಕ್‌ಐ’ ಸರಣಿಯಲ್ಲಿ ಬಿಲ್ಲುಗಾರ್ತಿ. 2025ರಲ್ಲಿ ರಯಾನ್ ಕೂಗ್ಲರ್ ನಿರ್ದೇಶನದ ‘ಸಿನ್ನರ್ಸ್’ನಲ್ಲಿ ಮೇರಿ ಎಂಬ ಗಟ್ಟಿ ಪಾತ್ರ.

ಕನ್ನಡದಲ್ಲೂ ಇಂಥ ಉದಾಹರಣೆ ನಮಗೆ ಹೊಸದಲ್ಲ. 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಾಗ ಪುನೀತ್ ರಾಜಕುಮಾರ್ ಬಾಲಕ. ಅವರು ‘ಅಪ್ಪು’ ಚಿತ್ರದ ನಾಯಕರಾಗಿ ಬಂದದ್ದು 2002ರಲ್ಲಿ. ‘ಬೆಟ್ಟದ ಹೂವು’ ಕಥೆಯಲ್ಲಿ ಬಡ ಹುಡುಗ ಹೂವು ಮಾರಿ ದುಡ್ಡು ಕೂಡಿಸುವುದು ಯಾತಕ್ಕೆ ಎಂಬುದನ್ನು ನಿಮ್ಮ ಮಕ್ಕಳಿಗೆ ತೋರಿಸಿ: ಕುವೆಂಪು ಅವರ ರಾಮಾಯಣ ದರ್ಶನ ಕೊಳ್ಳಲು.

ಮುಖ ಕಾಣದ ಕೆಲಸ

ಹೇಲಿಯ ದುಡಿಮೆಯ ಇನ್ನೊಂದು ಮುಖ್ಯ ಭಾಗ ದನಿಯದ್ದು. 2018ರ ‘ಸ್ಪೈಡರ್‌ಮ್ಯಾನ್: ಇಂಟು ದಿ ಸ್ಪೈಡರ್‌ವರ್ಸ್’ ಚಿತ್ರಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಅದರಲ್ಲೂ 2023ರ ಮುಂದಿನ ಭಾಗದಲ್ಲೂ ಗ್ವೆನ್ ಪಾತ್ರದ ದನಿ ಈಕೆಯದು. 2021ರಲ್ಲಿ ಬಂದ ‘ಆರ್ಕೇನ್’ ಅನಿಮೇಷನ್ ಸರಣಿಗೆ ಎಮ್ಮಿ ಪ್ರಶಸ್ತಿ ಸಿಕ್ಕಿತು; ಅದರ ವಾಯ್ ಎಂಬ ಪಾತ್ರಕ್ಕೂ ಈಕೆಯದೇ ದನಿ.

ದನಿಯ ಕೆಲಸಕ್ಕೆ ರೂಪ ಬೇಡ, ಎತ್ತರ ಬೇಡ, ಬಣ್ಣ ಬೇಡ. ಸ್ಪಷ್ಟ ಉಚ್ಚಾರ, ಓದುವ ವೇಗ, ಭಾವ ಬೇಕು. ಕನ್ನಡಕ್ಕೆ ದಶಕಗಳ ಕಾಲ ಡಬ್ಬಿಂಗ್ ಬರದಂತೆ ಚಿತ್ರರಂಗ ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. ಈಚಿನ ವರ್ಷಗಳಲ್ಲಿ ಬೇರೆ ಭಾಷೆಗಳ ಸಿನಿಮಾ, ಸರಣಿಗಳು ಕನ್ನಡದ ದನಿಯಲ್ಲಿ ಬರುತ್ತಿವೆ. ಈ ಕೆಲಸಕ್ಕೆ ಕನ್ನಡವನ್ನು ಅಲ್ಪಪ್ರಾಣ ಮಹಾಪ್ರಾಣ ತಪ್ಪದೆ, ಳಕಾರ ಲಕಾರ ಬೆರೆಸದೆ ಓದಬಲ್ಲವರು ಬೇಕು. ಮೂಲ ಭಾಷೆಯನ್ನೂ ಕೇಳಿ ಅರ್ಥ ಮಾಡಿಕೊಳ್ಳಬಲ್ಲವರಾದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಆಡುವ ಕಾಸರಗೋಡಿನ ಮಗು, ಕನ್ನಡ ಮರಾಠಿ ಎರಡನ್ನೂ ಬಲ್ಲ ಅಕ್ಕಲಕೋಟೆಯ ಮಗು, ಕನ್ನಡದಷ್ಟೇ ಸಲೀಸಾಗಿ ತೆಲುಗು ಆಡುವ ಆದವಾನಿಯ ಮಗು, ತಮಿಳು ಬಲ್ಲ ತಾಳವಾಡಿಯ ಮಗು, ಇವರೆಲ್ಲರಿಗೂ ಈ ಬಂಡವಾಳ ಹುಟ್ಟಿನಿಂದಲೇ ಬಂದಿದೆ. ಅದರಲ್ಲಿ ಓದುಬರಹದ ಗಟ್ಟಿತನ ತುಂಬುವುದು ಶಾಲೆಯ ಕೆಲಸ.

ಗಡಿನಾಡಿನ ಕನ್ನಡ ಶಾಲೆಯೇ ತೆರೆಯ ಮೇಲೆ ಬಂದದ್ದನ್ನೂ ನೀವು ನೋಡಿದ್ದೀರಿ. 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಅದರ ಜೀವಾಳ ಮಕ್ಕಳ ಮಾತು. ಈ ನೆಲದ ಮಕ್ಕಳ ಮಾತಿಗೆ ಕೇಳುವವರಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉಳಿದ 14,999 ಮಂದಿ

ಕೊನೆಗೊಂದು ಲೆಕ್ಕ. ಆ 15,000 ಹುಡುಗಿಯರಲ್ಲಿ ಪಾತ್ರ ಸಿಕ್ಕಿದ್ದು ಒಬ್ಬಳಿಗೆ. ಉಳಿದವರೆಲ್ಲ ಮನೆಗೆ ಮರಳಿದರು. ಅವರಲ್ಲಿ ಚೆನ್ನಾಗಿ ನಟಿಸುವವರೂ ಇದ್ದೇ ಇರುತ್ತಾರೆ. ಮರುದಿನ ಬೆಳಿಗ್ಗೆ ಅವರ ಪಾಲಿಗೆ ಇದ್ದದ್ದು ಅವರ ಶಾಲೆ. ನಿಮ್ಮ ಮಗು ಆ ಒಬ್ಬಳಾಗಬಹುದು. ಆದರೆ ಉಳಿದವರಲ್ಲಿ ಒಬ್ಬಳಾಗುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಏನೇ ತೀರ್ಮಾನ ಮಾಡಿದರೂ ಆಯ್ಕೆಯಾಗದೆ ಮರಳಿದ ಮಗುವಿಗೆ ತರಗತಿಯಲ್ಲಿ ಅದರ ಜಾಗ, ಹಾಜರಿ, ಗೆಳತಿಯರು ಹಾಗೆಯೇ ಇರುವಂತೆ ನೋಡಿಕೊಳ್ಳಿ. ಆಡಿಷನ್ನಿಗಾಗಿ ಪರೀಕ್ಷೆ ತಪ್ಪಿಸಬೇಡಿ. ಮಗುವಿನ ಗಳಿಕೆಯ ಮೇಲೆ ಮನೆಯ ಸಾಲದ ಲೆಕ್ಕ ಹಾಕಬೇಡಿ. ಆಯ್ಕೆಯಾಗಲಿಲ್ಲ ಎಂದು ನೆಂಟರ ಮುಂದೆ ಅಣಕಿಸಬೇಡಿ.

ಮಗಳಿಗೆ ನಿಜವಾಗಿಯೂ ಆಸೆ ಇದ್ದರೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಕನ್ನಡ ಪಠ್ಯಪುಸ್ತಕದ ಒಂದು ಗದ್ಯಪಾಠ ತೆಗೆದು, ನಿಮ್ಮೆದುರು ನಿಂತು ಗಟ್ಟಿಯಾಗಿ ಓದಲು ಹೇಳಿ. ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ, ಅದನ್ನೇ ತನ್ನ ಮಾತಿನಲ್ಲಿ ಅಜ್ಜಿಗೆ ಹೇಳಲಿ. ನಾಳೆ ಇನ್ನೊಂದು ಪಾಠ. ಹೀಗೆ ಒಂದು ವರ್ಷ. ಅಷ್ಟರಲ್ಲಿ ಅವಳು ನಟಿಯಾಗುವ ಹಾದಿಯಲ್ಲಿದ್ದಾಳೆಯೇ ಎಂಬುದು ನಿಮಗೂ ಅವಳಿಗೂ ತಿಳಿದಿರುತ್ತದೆ. ಅಲ್ಲ ಎಂದಾದರೂ ನಷ್ಟವಿಲ್ಲ. ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಗೆ ಹೆದರಬೇಕಾಗಿಲ್ಲದ ಮಗು ಮನೆಯಲ್ಲಿರುತ್ತದೆ.